ಬಂಗಾರದ ಬಣ್ಣದ ಇನ್ಸರ್ಟ್, ಹಳೇ ಲೇತ್: ತಪ್ಪು ಯಾರದು?

ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಲ್ಯಾಬ್ ರಿಪೋರ್ಟ್ ಬರೆದ್ವಿ. ಅದರ ಕೊನೇ ಸಾಲಿನ ಅರ್ಥ ಇಷ್ಟು: "ಕೋಟೆಡ್ ಕಾರ್ಬೈಡ್ ಟೂಲ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನ ಏನೂ ಕಾಣಲಿಲ್ಲ." ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂತು. ಆ ಸಾಲು ತಪ್ಪು ಅಂತ ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಆ ರಿಪೋರ್ಟ್‌ನ ಪಿಡಿಎಫ್ ಜೂನಿಯರ್‌ಗಳ ಗ್ರೂಪಿಗೆ ಹೋಗಿಯಾಗಿತ್ತು. ಮುಂದಿನ ವರ್ಷ ಹೆಸರು, ಯುಎಸ್‌ಎನ್ ಬದಲಾಯಿಸಿ ಅದೇ ಸಾಲನ್ನ ಇನ್ನೊಂದಿಷ್ಟು ಜನ ಬರೀತಾರೆ. ಅವರಿಗೂ ಒಂಬತ್ತು ಬರುತ್ತೆ. ಈ ಲೇಖನ ಬರೀಬೇಕು ಅನ್ನಿಸಿದ್ದು ಅದಕ್ಕೇ.

ನಡೆದಿದ್ದು ಇಷ್ಟು. ಸೀನಿಯರ್ ಒಬ್ಬರು ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಒಂದು ಟೂಲ್ ಹೋಲ್ಡರ್, ಅದರ ಜೊತೆ ಬಂಗಾರದ ಬಣ್ಣದ ಎರಡು ಇನ್ಸರ್ಟ್ ತಂದುಕೊಟ್ಟಿದ್ದರು. ನಮಗೆ ಖುಷಿಯೋ ಖುಷಿ. ಲ್ಯಾಬ್‌ನಲ್ಲಿ ಯಾವಾಗಲೂ ಸಾಣೆ ಹಿಡಿದು ಹಿಡಿದು ಅರ್ಧ ಆಗಿರೋ ಎಚ್‌ಎಸ್‌ಎಸ್ ಬಿಟ್ಟೇ ಗತಿ. 25 ಮಿಮೀ ವ್ಯಾಸದ ಎಂಎಸ್ ರಾಡ್ ಚಕ್‌ಗೆ ಕಟ್ಟಿ, 300 ಆರ್‌ಪಿಎಂನಲ್ಲಿ, ಅರ್ಧ ಮಿಮೀ ಕಟ್ ಕೊಟ್ಟು ಅರ್ಧ ರಾಡ್ ಎಚ್‌ಎಸ್‌ಎಸ್‌ನಲ್ಲಿ ತಿರುಗಿಸಿದ್ವಿ, ಇನ್ನರ್ಧ ಹೊಸ ಇನ್ಸರ್ಟ್‌ನಲ್ಲಿ. ಎಚ್‌ಎಸ್‌ಎಸ್ ಓಡಿದ ಕಡೆ ಒಂದು ಮಟ್ಟಿಗೆ ನಯವಾಗಿತ್ತು. ಬಂಗಾರ ಓಡಿದ ಕಡೆ ಒರಟೊರಟು, ಅಲ್ಲಲ್ಲಿ ಕಿತ್ತು ಬಂದ ಹಾಗೆ. "ಮಗಾ, ಇದು ಬರೀ ಪಾಲಿಶು, ಒಳಗೇನೂ ಇಲ್ಲ" ಅಂದ ಒಬ್ಬ. ನಕ್ಕು ರಿಪೋರ್ಟ್ ಬರೆದು ಕೊಟ್ವಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕೋಟೆಡ್ ಕಾರ್ಬೈಡ್ ಎಲ್ಲ ಕಡೆಗೂ ಒಳ್ಳೇ ಟೂಲ್ ಅಲ್ಲ. ಅದು ಒಂದು ಪರಿಸ್ಥಿತಿಗೆ ಅಂತಲೇ ಮಾಡಿರೋ ಟೂಲ್. ಆ ಪರಿಸ್ಥಿತಿ ನಮ್ಮ ಲ್ಯಾಬ್‌ನಲ್ಲಿ ಇಲ್ಲ. ಇಲ್ಲದೇ ಇರೋದು ದೊಡ್ಡ ತಪ್ಪಲ್ಲ, ಆದ್ರೆ ಇಲ್ಲ ಅನ್ನೋದು ಗೊತ್ತಾಗದ ಹಾಗೆ ನಾವು ಡಿಗ್ರಿ ಮುಗಿಸೋದು ತಪ್ಪು. ಒಂದು ಟೂಲನ್ನ ಶುರುವಿನಿಂದ ಸವೆಯೋವರೆಗೂ ನೋಡದೇ ಮೆಕ್ಯಾನಿಕಲ್ ಇಂಜಿನಿಯರ್ ಆಗಬಾರದು ಅನ್ನೋದು ನನ್ನ ವಾದ.

ಬಣ್ಣದ ಕೆಳಗೆ ಏನಿದೆ

ಕಾರ್ಬೈಡ್ ಅಂದ್ರೆ ಶುದ್ಧ ಲೋಹ ಅಲ್ಲ. ಟಂಗ್‌ಸ್ಟನ್ ಕಾರ್ಬೈಡ್‌ನ ಸಣ್ಣ ಸಣ್ಣ ಕಣಗಳನ್ನ ಕೋಬಾಲ್ಟ್ ಪುಡಿ ಜೊತೆ ಸೇರಿಸಿ, ಅಚ್ಚಲ್ಲಿ ಒತ್ತಿ, ಬಿಸಿ ಮಾಡಿ ಕೂಡಿಸಿದ್ದು. ಕಣಗಳು ಗಟ್ಟಿತನ ಕೊಡುತ್ತವೆ, ಕೋಬಾಲ್ಟ್ ಅವನ್ನ ಹಿಡಿದಿಟ್ಟುಕೊಂಡು ತಾಳಿಕೆ ಕೊಡುತ್ತೆ. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇದನ್ನ "ವಿಡಿಯಾ" ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂತು. ಜರ್ಮನ್‌ನಲ್ಲಿ "ವಜ್ರದ ಹಾಗೆ" ಅನ್ನೋ ಎರಡು ಪದ ಕೂಡಿಸಿ ಮಾಡಿದ ಹೆಸರು ಅದು. ಪೀಣ್ಯದ ಯಾವ ಶೆಡ್ಡಿಗೆ ಬೇಕಾದರೂ ಹೋಗಿ, ಹಳಬರು ಇವತ್ತಿಗೂ ಕಾರ್ಬೈಡ್ ಅನ್ನಲ್ಲ, "ವಿಡಿಯಾ ಟೂಲ್" ಅಂತಾರೆ. ಅದೇ ಹೆಸರಿನ ಕಾರ್ಖಾನೆ ತುಮಕೂರು ರಸ್ತೆಯಲ್ಲಿ ದಶಕಗಳ ಕಾಲ ನಡೀತು, ಈಗ ಅದು ಕೆನ್ನಾಮೆಟಲ್ ಇಂಡಿಯಾ. ಮೆಟ್ರೋದಲ್ಲಿ ನಾಗಸಂದ್ರಕ್ಕೆ ಹೋಗೋ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನನಗೂ ಗೊತ್ತಿರಲಿಲ್ಲ.

ಕಾರ್ಬೈಡ್ ಅಷ್ಟು ಗಟ್ಟಿ ಅಂದ ಮೇಲೆ ಅದರ ಮೇಲೆ ಲೇಪ ಯಾಕೆ ಬೇಕು? ಯಾಕಂದ್ರೆ ಅದರ ಶತ್ರು ಉಜ್ಜಾಟ ಒಂದೇ ಅಲ್ಲ. ಸ್ಟೀಲನ್ನ ಜೋರಾಗಿ ಕಟ್ ಮಾಡುವಾಗ ಚಿಪ್ ಟೂಲ್‌ನ ಮೇಲ್ಮುಖಕ್ಕೆ ಒತ್ತಿಕೊಂಡು ಜಾರುತ್ತೆ. ಆ ಜಾಗದಲ್ಲಿ ಬಿಸಿ ಸುಲಭವಾಗಿ 800-1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ. ಆ ಬಿಸಿಯಲ್ಲಿ ಟಂಗ್‌ಸ್ಟನ್, ಕಾರ್ಬನ್ ನಿಧಾನವಾಗಿ ಸ್ಟೀಲ್ ಚಿಪ್ ಒಳಗೆ ಸೇರಿಕೊಂಡು ಹೋಗಿಬಿಡುತ್ತವೆ. ಸಕ್ಕರೆ ಟೀಗೆ ಕರಗೋ ಥರ ಅಂತ ಇಟ್ಕೊಳ್ಳಿ. ಹೀಗಾಗಿ ಟೂಲ್ ಮೇಲೆ ಒಂದು ಗುಂಡಿ ಬೀಳುತ್ತೆ, ನಮ್ಮ ಪುಸ್ತಕದಲ್ಲಿ ಬರೋ ಕ್ರೇಟರ್ ವೇರ್ ಇದೇ. ಬರೀ ಗಡಸುತನ ಹೆಚ್ಚಿಸಿ ಇದನ್ನ ತಡೆಯೋಕೆ ಆಗಲ್ಲ. ಕಬ್ಬಿಣದ ಜೊತೆ ಬೆರೆಯೋಕೆ ಒಪ್ಪದ ಒಂದು ಪದರ ಮಧ್ಯದಲ್ಲಿ ಬೇಕು. 1960ರ ದಶಕದ ಕೊನೆಗೆ ಟೈಟಾನಿಯಂ ಕಾರ್ಬೈಡ್ ಲೇಪ ಇರೋ ಇನ್ಸರ್ಟ್‌ಗಳು ಬಂದವು. ಆಮೇಲೆ ಟೈಟಾನಿಯಂ ನೈಟ್ರೈಡ್, ಅಲ್ಯುಮಿನಿಯಂ ಆಕ್ಸೈಡ್ ಎಲ್ಲ ಸೇರಿಕೊಂಡವು.

ಇವತ್ತು ಸ್ಟೀಲ್ ಟರ್ನಿಂಗ್‌ಗೆ ಸಿಗೋ ಇನ್ಸರ್ಟ್ ಮೇಲೆ ಸಾಮಾನ್ಯವಾಗಿ ಒಂದಲ್ಲ, ಮೂರು ಪದರ ಇರುತ್ತೆ. ಕೆಳಗೆ ಟೈಟಾನಿಯಂ ಕಾರ್ಬೋನೈಟ್ರೈಡ್: ಉಜ್ಜಾಟಕ್ಕೆ ತಡೆ. ಮಧ್ಯ ಅಲ್ಯುಮಿನಿಯಂ ಆಕ್ಸೈಡ್: ಬಿಸಿಗೆ, ರಾಸಾಯನಿಕ ದಾಳಿಗೆ ತಡೆ. ಮೇಲೆ ತೆಳ್ಳಗೆ ಬಂಗಾರದ ಬಣ್ಣದ ಟೈಟಾನಿಯಂ ನೈಟ್ರೈಡ್: ಒಂದಿಷ್ಟು ಜಾರಿಕೆ ಕೊಡುತ್ತೆ, ಜೊತೆಗೆ ಯಾವ ಮೂಲೆ ಬಳಸಿ ಆಗಿದೆ ಅಂತ ಕಣ್ಣಿಗೆ ಕಾಣೋ ಹಾಗೆ ಮಾಡುತ್ತೆ. ಅಂದ್ರೆ ನಾವು ನೋಡಿ ಮರುಳಾಗೋ ಬಂಗಾರ ಎಷ್ಟೋ ಸಲ ಬಾಗಿಲಿಗೆ ಹೊಡೆದ ಬಣ್ಣ ಮಾತ್ರ. ಮನೆ ಕಾಯೋದು ಒಳಗಿನ ಪದರಗಳು. ಎಲ್ಲ ಸೇರಿ ದಪ್ಪ ಎಷ್ಟು ಅಂದ್ರೆ 5ರಿಂದ 20 ಮೈಕ್ರಾನ್. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತೆ.

ಲೇಪ ಹಚ್ಚೋ ರೀತಿಯಲ್ಲೂ ಎರಡು ಜಾತಿ. ಸಿವಿಡಿ ಅಂದ್ರೆ ಸುಮಾರು 1000 ಡಿಗ್ರಿಯಲ್ಲಿ ಅನಿಲಗಳನ್ನ ಹಾಯಿಸಿ, ಅವು ಪ್ರತಿಕ್ರಿಯೆ ಆಗಿ ಇನ್ಸರ್ಟ್ ಮೇಲೆ ಪದರ ಕಟ್ಟೋದು. ದಪ್ಪ ಲೇಪ ಬರುತ್ತೆ, ಗಟ್ಟಿಯಾಗಿ ಹಿಡಿಯುತ್ತೆ. ಆದ್ರೆ ತಣ್ಣಗಾಗುವಾಗ ಲೇಪ, ಕಾರ್ಬೈಡ್ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಲ್ಲ. ಲೇಪ ಎಳೆತದಲ್ಲಿ ಉಳಿದು ಸಣ್ಣ ಬಿರುಕು ಬೀಳುತ್ತೆ. ದಪ್ಪ ಲೇಪ ನಿಲ್ಲಬೇಕಾದ್ರೆ ಅಂಚನ್ನೂ ಸ್ವಲ್ಪ ಗುಂಡಗೆ ಮಾಡಬೇಕು. ಪಿವಿಡಿ ನಡೆಯೋದು ನಿರ್ವಾತದಲ್ಲಿ, ಸುಮಾರು 400-600 ಡಿಗ್ರಿಯಲ್ಲಿ. ಲೇಪ 2-5 ಮೈಕ್ರಾನ್ ಅಷ್ಟೇ, ಆದ್ರೆ ಅದು ಒತ್ತಡದಲ್ಲಿ ಕೂತಿರುತ್ತೆ, ಹಾಗಾಗಿ ಬಿರುಕು ಬಾಯಿಬಿಡೋದು ಕಷ್ಟ. ಅಂಚನ್ನೂ ಚೂಪಾಗೇ ಉಳಿಸಬಹುದು. ಅದಕ್ಕೇ ಒಂದೇ ಸಮನೆ ಬಿಸಿಯಲ್ಲಿ ಓಡೋ ಸ್ಟೀಲ್ ಟರ್ನಿಂಗ್‌ಗೆ ಹೆಚ್ಚಾಗಿ ಸಿವಿಡಿ. ಎಂಡ್ ಮಿಲ್, ಡ್ರಿಲ್, ಥ್ರೆಡಿಂಗ್, ಚೂಪು ಬೇಕಾದ ಸ್ಟೇನ್‌ಲೆಸ್ ಕೆಲಸಕ್ಕೆ ಹೆಚ್ಚಾಗಿ ಪಿವಿಡಿ. ಪರೀಕ್ಷೆಯಲ್ಲಿ ಇಬ್ಬರ ವ್ಯತ್ಯಾಸ ಐದು ಪಾಯಿಂಟ್ ಬರೀತೀವಿ. ಯಾವ ಕೆಲಸಕ್ಕೆ ಯಾವುದು, ಯಾಕೆ, ಅನ್ನೋ ಆರನೇ ಪಾಯಿಂಟ್ ಯಾರೂ ಕೇಳಲ್ಲ.

ನಮ್ಮ ಪ್ರಯೋಗ ಹಾಳಾಗಿದ್ದು ಎಲ್ಲಿ

ಎರಡು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಲ್ಯಾಬ್‌ಗೆ ಹೋಗಿದ್ದಾಗ ಆ ರಾಡ್ ಇನ್ನೂ ಮೂಲೇಲಿ ಬಿದ್ದಿತ್ತು. ಇನ್‌ಸ್ಟ್ರಕ್ಟರ್ ಅದನ್ನ ಕೈಗೆ ತಗೊಂಡು ಉಗುರಿಂದ ಸವರಿ ನೋಡಿದರು. "ಎಷ್ಟು ಸ್ಪೀಡ್ ಇಟ್ಟಿದ್ರಿ?" ಅಂದರು. "300 ಆರ್‌ಪಿಎಂ ಸರ್." "ಆರ್‌ಪಿಎಂ ಕೇಳಲಿಲ್ಲ ಕಣಪ್ಪಾ, ಸ್ಪೀಡ್ ಕೇಳ್ದೆ." ನಾನು ಸುಮ್ಮನಾದೆ. ಅಲ್ಲೇ ಬೋರ್ಡ್ ಮೇಲೆ ಲೆಕ್ಕ ಮಾಡಿಸಿದರು. ಪೈ ಗುಣಿಸು 25 ಗುಣಿಸು 300, ಭಾಗಿಸು 1000. ಸುಮಾರು 23.6 ಮೀಟರ್ ಪ್ರತಿ ನಿಮಿಷಕ್ಕೆ. ಅದು ಎಚ್‌ಎಸ್‌ಎಸ್‌ಗೆ ಹೇಳಿ ಮಾಡಿಸಿದ ವೇಗ. ಈ ಥರ ಕೋಟೆಡ್ ಇನ್ಸರ್ಟ್‌ಗೆ ಸ್ಟೀಲ್‌ನಲ್ಲಿ 200 ಮೀಟರ್ ಆಸುಪಾಸು, ಎಷ್ಟೋ ಸಲ ಅದಕ್ಕೂ ಹೆಚ್ಚು ಬೇಕು. "ರೇಸ್ ಕುದುರೆ ತಂದು ಗಾಣಕ್ಕೆ ಕಟ್ಟಿ, ಎತ್ತೇ ವಾಸಿ ಅಂತ ಬರೆದುಕೊಟ್ಟಿದೀರ" ಅಂದರು. ಬೈಗುಳ ಅಲ್ಲ, ಆದ್ರೆ ಬೈದ ಹಾಗೇ ಆಯ್ತು.

ಕಡಿಮೆ ವೇಗದಲ್ಲಿ ಇನ್ಸರ್ಟ್‌ಗೆ ಏನು ಕಷ್ಟ? ನಿಧಾನವಾಗಿ ಕಟ್ ಮಾಡುವಾಗ ಮೆದು ಸ್ಟೀಲ್ ಟೂಲ್‌ನ ತುದಿಗೆ ಅಂಟಿಕೊಳ್ಳುತ್ತೆ. ಅಂಟಿದ್ದರ ಮೇಲೆ ಇನ್ನಷ್ಟು ಅಂಟಿ ಒಂದು ಗಂಟು ಬೆಳೆಯುತ್ತೆ. ಬಿಲ್ಟ್ ಅಪ್ ಎಡ್ಜ್ ಅಂತ ಡಯಾಗ್ರಾಂ ಬರೀತೀವಲ್ಲ, ಅದೇ. ಆಮೇಲೆ ಕಟ್ ಮಾಡೋದು ಟೂಲ್ ಅಲ್ಲ, ಆ ಗಂಟು. ಅದು ಆಗಾಗ ಕಿತ್ತು ಹೋಗುತ್ತೆ, ಹೋಗುವಾಗ ಜಾಬ್ ಮೇಲೆ ಗಾಯ ಮಾಡುತ್ತೆ, ಕೆಲವು ಸಲ ಲೇಪದ ಚೂರನ್ನೂ ಜೊತೆಗೆ ಕಿತ್ತುಕೊಂಡು ಹೋಗುತ್ತೆ. ಎಚ್‌ಎಸ್‌ಎಸ್‌ಗೂ ಈ ಕಾಟ ಇದೆ. ಆದ್ರೆ ಸಾಣೆ ಹಿಡಿದ ಬಿಟ್‌ನ ಅಂಚು ಚೂಪು, ರೇಕ್ ಕೋನ ಧಾರಾಳ, ಹಾಗಾಗಿ ತಪ್ಪಿಸಿಕೊಳ್ಳುತ್ತೆ. ನಮ್ಮ ಇನ್ಸರ್ಟ್‌ನ ಅಂಚನ್ನ ಬೇಕಂತಲೇ ಗುಂಡಗೆ ಮಾಡಿದ್ದರು, ಹೋಲ್ಡರ್‌ನಲ್ಲಿ ಅದು ಕೂರೋದೂ ನೆಗೆಟಿವ್ ಕೋನದಲ್ಲಿ.

ಇನ್ನೂ ಎರಡು ತಪ್ಪಿತ್ತು. ಇನ್ಸರ್ಟ್‌ನ ನೋಸ್ ರೇಡಿಯಸ್ 0.8 ಮಿಮೀ, ನಾವು ಕೊಟ್ಟ ಕಟ್ 0.5 ಮಿಮೀ. ಅಂದ್ರೆ ಬರೀ ಮೂತಿಯ ದುಂಡಗಿನ ಭಾಗ ಮಾತ್ರ ಕೆಲಸ ಮಾಡಿದೆ. ಹಾಗಾದಾಗ ಬಲ ಹೆಚ್ಚಾಗಿ ರಾಡನ್ನ ಪಕ್ಕಕ್ಕೆ ತಳ್ಳುತ್ತೆ. ಟೇಲ್‌ಸ್ಟಾಕ್ ಸಪೋರ್ಟ್ ಕೂಡ ಕೊಟ್ಟಿರಲಿಲ್ಲ, ರಾಡ್ ನಡುಗಿದೆ. ನಡುಗಿದ್ರೆ ಕಾರ್ಬೈಡ್ ಸಹಿಸಲ್ಲ. ಎಚ್‌ಎಸ್‌ಎಸ್ ಗಡಸು ಕಡಿಮೆ ಆದ್ರೂ ತಾಳಿಕೆ ಜಾಸ್ತಿ, ಅಂಥಾ ಏಟನ್ನ ನುಂಗಿಕೊಳ್ಳುತ್ತೆ.

ಹಾಗಾದ್ರೆ ಸ್ಪೀಡ್ ಏರಿಸಿದ್ರೆ ಆಗಿತ್ತಲ್ಲಾ ಅಂತ ಕೇಳಬಹುದು. 25 ಮಿಮೀ ರಾಡ್‌ನಲ್ಲಿ 200 ಮೀಟರ್ ಬರಬೇಕಾದ್ರೆ ಹತ್ತಿರ ಹತ್ತಿರ 2550 ಆರ್‌ಪಿಎಂ ಬೇಕು. ನಮ್ಮ ಲೇತ್‌ನ ತುತ್ತತುದಿ 1200. ಇನ್ನು ಪವರ್ ಲೆಕ್ಕ ನೋಡಿ. 200 ಮೀಟರ್ ವೇಗ, 0.25 ಮಿಮೀ ಫೀಡ್, 2 ಮಿಮೀ ಆಳ ಅಂತ ಇಟ್ಕೊಳ್ಳಿ. ಸ್ಟೀಲ್‌ನ ಕಟಿಂಗ್ ರೆಸಿಸ್ಟೆನ್ಸ್ ಚದರ ಮಿಮೀಗೆ ಸುಮಾರು 2000 ನ್ಯೂಟನ್ ಹಿಡಿದ್ರೆ 3.3 ಕಿಲೋವ್ಯಾಟ್, ಅಂದ್ರೆ ನಾಲ್ಕೂವರೆ ಎಚ್‌ಪಿ ಬರೀ ಕಟಿಂಗ್‌ಗೇ ಬೇಕು. ನಮ್ಮ ಲೇತ್‌ನ ಮೋಟಾರ್ 2 ಎಚ್‌ಪಿ. ಬೆಲ್ಟ್ ಜಾರಿ ನಿಂತುಹೋಗುತ್ತೆ. ಇದನ್ನ ಓದಿ ಯಾರೂ ಹಳೇ ಲೇತ್‌ನಲ್ಲಿ ಉದ್ದ ರಾಡ್ ಕಟ್ಟಿ ಟಾಪ್ ಸ್ಪೀಡ್‌ಗೆ ಹಾಕೋ ಸಾಹಸ ಮಾಡಬೇಡಿ, ರಾಡ್ ಬಾಗಿ ಬೀಸಿದ್ರೆ ಪ್ರಾಣಕ್ಕೇ ಅಪಾಯ.

ಹಾಗಾಗಿ ನಮ್ಮ ರಿಪೋರ್ಟ್ ಹೇಳಬೇಕಿದ್ದ ಮಾತು ಬೇರೆ. "ಈ ಲೇತ್‌ನಲ್ಲಿ ಈ ಟೂಲನ್ನ ಪರೀಕ್ಷೆ ಮಾಡೋಕೆ ಆಗಲ್ಲ." ಅದನ್ನ ಬರೆದಿದ್ರೆ ಬಹುಶಃ ಒಂಬತ್ತು ಬರ್ತಿರಲಿಲ್ಲ. ಆದ್ರೆ ಅದು ನಿಜ ಆಗಿರ್ತಿತ್ತು.

ದುಬಾರಿ ಯಾವುದು

"ಲೇಪ ಇರೋದು ದುಬಾರಿ, ಇಲ್ಲದೇ ಇರೋದು ಅಗ್ಗ" ಅನ್ನೋದು ಇನ್ನೊಂದು ಮಾತು. ಇದನ್ನ ಲೆಕ್ಕ ಹಾಕೇ ನೋಡೋಣ. ಅಂಕಿಗಳು ಸುಮ್ಮನೆ ಉದಾಹರಣೆಗೆ ನಾನು ಇಟ್ಟುಕೊಂಡಿದ್ದು, ನೀವು ನಿಮ್ಮದೇ ಹಾಕಿಕೊಳ್ಳಿ. ಮಷೀನ್, ಆಪರೇಟರ್, ಕರೆಂಟ್ ಎಲ್ಲ ಸೇರಿ ಗಂಟೆಗೆ 600 ರೂಪಾಯಿ, ಅಂದ್ರೆ ನಿಮಿಷಕ್ಕೆ 10. ನಾಲ್ಕು ಮೂಲೆಯ ಸಾದಾ ಇನ್ಸರ್ಟ್ 240 ರೂಪಾಯಿ, ಕೋಟೆಡ್ 400. ಮೂಲೆಗೆ 60 ಮತ್ತು 100. ಸಾದಾ ಇನ್ಸರ್ಟ್ 120 ಮೀಟರ್ ವೇಗದಲ್ಲಿ 15 ನಿಮಿಷ ಬಾಳುತ್ತೆ, ಕೋಟೆಡ್ 200 ಮೀಟರ್‌ನಲ್ಲಿ ಅದೇ 15 ನಿಮಿಷ ಬಾಳುತ್ತೆ ಅಂದುಕೊಳ್ಳಿ.

ಒಂದು ಜಾಬ್‌ಗೆ ಸಾದಾ ಟೂಲ್‌ನಲ್ಲಿ 3 ನಿಮಿಷ. ಒಂದು ಮೂಲೆಗೆ 5 ಜಾಬ್. ಜಾಬ್‌ಗೆ ಟೂಲ್ ಖರ್ಚು 12, ಮಷೀನ್ ಖರ್ಚು 30, ಒಟ್ಟು 42 ರೂಪಾಯಿ. ಕೋಟೆಡ್‌ನಲ್ಲಿ ಅದೇ ಜಾಬ್ 1.8 ನಿಮಿಷ. ಒಂದು ಮೂಲೆಗೆ ಎಂಟು ಚಿಲ್ಲರೆ ಜಾಬ್. ಟೂಲ್ ಖರ್ಚು ಅದೇ 12, ಮಷೀನ್ ಖರ್ಚು 18, ಒಟ್ಟು 30. ಇನ್ಸರ್ಟ್‌ನ ಬೆಲೆ ಅರ್ಧಕ್ಕಿಂತ ಜಾಸ್ತಿ ಏರಿದ್ರೂ ಜಾಬ್‌ನ ಬೆಲೆ 12 ರೂಪಾಯಿ ಇಳೀತು. ಉಳಿಸಿದ್ದು ಟೂಲ್ ಅಲ್ಲ, ಸಮಯ.

ಆದ್ರೆ ಇದೇ ಲೆಕ್ಕವನ್ನ ತಿರುಗಿಸಿಯೂ ನೋಡಬೇಕು. ರಜೆಯಲ್ಲಿ ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಹೋಗಿದ್ದೆ. ಎರಡು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಇಬ್ಬರು ಕೆಲಸಗಾರರು. ಅಲ್ಲಿ ಓಡ್ತಿದ್ದದ್ದು ಬ್ರೇಜ್ ಮಾಡಿದ ಸಾದಾ ವಿಡಿಯಾ ಟೂಲ್. ಮೊಂಡಾದ್ರೆ ಅಲ್ಲೇ ಹಸಿರು ಚಕ್ರದಲ್ಲಿ ಸಾಣೆ ಹಿಡಿದು ಮತ್ತೆ ಹಾಕ್ತಿದ್ದರು. ಎರಡನೇ ವರ್ಷದ ಜಂಬದಲ್ಲಿ ನಾನು "ಅಣ್ಣಾ, ಕೋಟೆಡ್ ಇನ್ಸರ್ಟ್ ಹಾಕಬಾರದಾ?" ಅಂತ ಕೇಳಿದೆ. "ಹಾಕಬೋದು. ಆದ್ರೆ ಈ ಮಷೀನು 120 ಮೀಟ್ರಿಗಿಂತ ಮೇಲೆ ಹೋದ್ರೆ ಕುಣಿಯುತ್ತೆ. ಕುಣಿಯೋ ಮಷೀನಿಗೆ ಚಿನ್ನದ ಗೆಜ್ಜೆ ಯಾಕೆ?" ಅಂದರು. ಅವರ ಲೆಕ್ಕ ಸರಿ. ವೇಗ ಏರಿಸೋಕೆ ಆಗದಿದ್ರೆ ಆ 30 ರೂಪಾಯಿ 18 ಆಗಲ್ಲ. ಲೇಪದಿಂದ ಮೂಲೆ ಜಾಸ್ತಿ ಹೊತ್ತು ಬಾಳಬಹುದು, ಆದ್ರೆ ನಡುಕಕ್ಕೆ ಒಂದು ಮೂಲೆ ಚಕ್ಕೆ ಎದ್ದರೆ 100 ರೂಪಾಯಿ ನೀರಿಗೆ. ಸಾಣೆಗೆ ಹಿಡಿಯೋಣ ಅಂದ್ರೆ ಲೇಪವೇ ಹೋಗುತ್ತೆ. ಸಣ್ಣ ಶೆಡ್ಡಿನವರಿಗೆ ಹೊಸತು ಗೊತ್ತಿಲ್ಲ ಅಂತ ನಾವು ತಿಳ್ಕೋತೀವಿ. ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು, ಇಂಗ್ಲಿಷ್ ಹೆಸರುಗಳು ಮಾತ್ರ ಗೊತ್ತಿರಲಿಲ್ಲ.

ಅಲ್ಯುಮಿನಿಯಂ ಪಾಠ

ಬಣ್ಣ ನೋಡಿ ಟೂಲ್ ಆರಿಸೋ ಅಭ್ಯಾಸ ನಮ್ಮ ಕ್ಯಾಂಪಸ್‌ನಲ್ಲೇ ದುಡ್ಡು ಕಳೆದಿದೆ. ರೇಸ್ ಕಾರ್ ಕಟ್ಟೋ ಟೀಮಿನ ಗೆಳೆಯರು ಅಲ್ಯುಮಿನಿಯಂ ಹಬ್ ಒಂದನ್ನ ಹೊರಗೆ ಮಾಡಿಸುವಾಗ "ಒಳ್ಳೇ ಟೂಲೇ ಹಾಕಿ, ಕೋಟೆಡ್ ಹಾಕಿ" ಅಂತ ಹಠ ಮಾಡಿ ಬಂಗಾರದ ಇನ್ಸರ್ಟೇ ಹಾಕಿಸಿದರು. ಅಲ್ಯುಮಿನಿಯಂ ತುದಿಗೆ ಮೆತ್ತಿಕೊಂಡು, ಬೇರಿಂಗ್ ಕೂರೋ ಜಾಗ ಗೀಚಿ, ಅಳತೆ ತಪ್ಪಿ, ಆ ತುಂಡು ಸ್ಕ್ರ್ಯಾಪ್‌ಗೆ ಹೋಯ್ತು. ಅಲ್ಯುಮಿನಿಯಂಗೆ ಬೇಕಿದ್ದದ್ದು ಲೇಪ ಇಲ್ಲದ, ಕನ್ನಡಿ ಥರ ಪಾಲಿಶ್ ಮಾಡಿದ, ತುಂಬಾ ಚೂಪಾದ ಸಾದಾ ಕಾರ್ಬೈಡ್. ದೊಡ್ಡ ಪ್ರಮಾಣದಲ್ಲಿ ಮಾಡೋರು ವಜ್ರದ ತುದಿ ಬಳಸ್ತಾರೆ. ಇಲ್ಲಿ ಅಗ್ಗದ್ದೇ ಸರಿಯಾದದ್ದು.

ಹಾಗಾದ್ರೆ ನೋಡಬೇಕಾದ್ದು ಏನನ್ನ? ಇನ್ಸರ್ಟ್‌ನ ಬಣ್ಣ ಅಲ್ಲ, ಡಬ್ಬಿ. ಡಬ್ಬಿ ಮೇಲೆ ಐಎಸ್‌ಒ ಗುಂಪಿನ ಅಕ್ಷರ, ಬಣ್ಣ ಇರುತ್ತೆ. ಪಿ ನೀಲಿ, ಸ್ಟೀಲ್‌ಗೆ. ಎಂ ಹಳದಿ, ಸ್ಟೇನ್‌ಲೆಸ್‌ಗೆ. ಕೆ ಕೆಂಪು, ಕಾಸ್ಟ್ ಐರನ್‌ಗೆ. ಎನ್ ಹಸಿರು, ಅಲ್ಯುಮಿನಿಯಂ, ತಾಮ್ರದಂಥವಕ್ಕೆ. ಎಸ್ ಅಂದ್ರೆ ಟೈಟಾನಿಯಂ, ನಿಕ್ಕಲ್ ಮಿಶ್ರಲೋಹಗಳಿಗೆ. ಎಚ್ ಅಂದ್ರೆ ಗಡಸು ಮಾಡಿದ ಸ್ಟೀಲ್‌ಗೆ. ಅಕ್ಷರದ ಮುಂದೆ ಒಂದು ಸಂಖ್ಯೆ: 05, 15, 25, 35 ಹೀಗೆ. ಸಂಖ್ಯೆ ಚಿಕ್ಕದಾದ್ರೆ ಗಡಸು ಹೆಚ್ಚು, ವೇಗಕ್ಕೆ ಸರಿ. ದೊಡ್ಡದಾದ್ರೆ ತಾಳಿಕೆ ಹೆಚ್ಚು, ಏಟು ಬೀಳೋ ಕೆಲಸಕ್ಕೆ ಸರಿ. ಆಕಾರದ ಕೋಡ್ ಕೂಡ ಹಾಗೇ. ನಮ್ಮದು ಸಿಎನ್‌ಎಂಜಿ 120408. ಸಿ ಅಂದ್ರೆ 80 ಡಿಗ್ರಿ ವಜ್ರಾಕೃತಿ, ಕೊನೇ 08 ಅಂದ್ರೆ 0.8 ಮಿಮೀ ನೋಸ್ ರೇಡಿಯಸ್. ಆ ಕೊನೇ ಎರಡು ಅಂಕಿ ಓದೋಕೆ ಬಂದಿದ್ರೆ ಅರ್ಧ ಮಿಮೀ ಕಟ್ ಕೊಡ್ತಾನೇ ಇರಲಿಲ್ಲ.

ಟೇಲರ್ ಸವೆಸಿದ್ದು, ನಾವು ಬಾಯಿಪಾಠ ಮಾಡಿದ್ದು

ಎಲ್ಲರಿಗೂ ಬರೋ ಫಾರ್ಮುಲಾ: ವಿ ಟಿ ಪವರ್ ಎನ್ ಈಕ್ವಲ್ ಟು ಸಿ. ಇದನ್ನ ಕೊಟ್ಟವರು ಫ್ರೆಡರಿಕ್ ಟೇಲರ್. 1880ರ ಸುಮಾರಿಗೆ ಅಮೆರಿಕದ ಒಂದು ಸ್ಟೀಲ್ ಕಾರ್ಖಾನೆಯಲ್ಲಿ ಪ್ರಯೋಗ ಶುರು ಮಾಡಿ, 26 ವರ್ಷದಲ್ಲಿ 8 ಲಕ್ಷ ಪೌಂಡ್‌ಗಿಂತ ಹೆಚ್ಚು ಸ್ಟೀಲ್, ಕಬ್ಬಿಣವನ್ನ ಚಿಪ್ಸ್ ಮಾಡಿದ ಮೇಲೆ ತಮ್ಮ ವರದಿ ಮಂಡಿಸಿದರು. 360 ಟನ್‌ಗೂ ಮೇಲೆ. ನಾವು ಎರಡು ವೇಗ, ಒಂದು ಆಯುಷ್ಯ ಕೊಟ್ಟು ಇನ್ನೊಂದು ಕಂಡುಹಿಡಿ ಅನ್ನೋ ಲೆಕ್ಕವನ್ನ ಐದು ನಿಮಿಷದಲ್ಲಿ ಮುಗಿಸ್ತೀವಿ. ಎನ್ ಅಂದ್ರೆ ಏನು ಅಂತ ಕೇಳಿದ್ರೆ "ಕಾನ್ಸ್ಟೆಂಟ್" ಅಂತೀವಿ.

ಆ ಎನ್‌ನಲ್ಲೇ ಕಥೆ ಎಲ್ಲ ಇರೋದು. ಎಚ್‌ಎಸ್‌ಎಸ್‌ಗೆ ಎನ್ ಸುಮಾರು 0.125, ಕಾರ್ಬೈಡ್‌ಗೆ ಸುಮಾರು 0.25, ಲೇಪ ಇದ್ರೆ ಇನ್ನೂ ಸ್ವಲ್ಪ ಹೆಚ್ಚು. ಈಗ ವೇಗ 20 ಪರ್ಸೆಂಟ್ ಏರಿಸಿ ನೋಡಿ. ಎಚ್‌ಎಸ್‌ಎಸ್‌ನ ಆಯುಷ್ಯ ಮೊದಲಿನ 23 ಪರ್ಸೆಂಟ್‌ಗೆ ಬೀಳುತ್ತೆ. ಎನ್ 0.25 ಇರೋ ಟೂಲ್‌ನದ್ದು 48 ಪರ್ಸೆಂಟ್ ಉಳಿಯುತ್ತೆ. ಅಂದ್ರೆ ವೇಗದ ಪೆಟ್ಟನ್ನ ಯಾರು ಎಷ್ಟು ತಡೀತಾರೆ ಅನ್ನೋದೇ ಎನ್. 300 ಆರ್‌ಪಿಎಂನಲ್ಲಿ ಒಂದೇ ಒಂದು ಸಲ ಓಡಿಸಿ, ಸಿಕ್ಕ ಫಿನಿಶ್ ನೋಡಿ, ಟೂಲ್ ಒಳ್ಳೇದೋ ಕೆಟ್ಟದ್ದೋ ಅಂತ ಹೇಳಿದ ನಮಗೆ ಈ ಎನ್ ಕಾಣೋದಾದ್ರೂ ಹೇಗೆ?

ಈಗ ನನ್ನ ಬೇಡಿಕೆ. ಹೊಸ ಲ್ಯಾಬ್ ಕಟ್ಟಿ ಅಂತ ಕೇಳ್ತಿಲ್ಲ. ನಮ್ಮ ಕಾಲೇಜಿನಲ್ಲಿ ಒಂದು ಸಿಎನ್‌ಸಿ ಟರ್ನಿಂಗ್ ಸೆಂಟರ್ ಇದೆ. ವರ್ಷಕ್ಕೆ ಒಂದು ಸಲ ಮೇಣದ ತುಂಡಿನಲ್ಲಿ ಡೆಮೋ ಕೊಟ್ಟು ಬಾಗಿಲು ಹಾಕ್ತಾರೆ. ಮೆಟ್ರಾಲಜಿ ಲ್ಯಾಬ್‌ನಲ್ಲಿ ಟೂಲ್‌ಮೇಕರ್ಸ್ ಮೈಕ್ರೋಸ್ಕೋಪ್ ಇದೆ. ಅದರಲ್ಲಿ ನಾವು ಸ್ಕ್ರೂ ಥ್ರೆಡ್ ಬಿಟ್ಟು ಬೇರೇನೂ ನೋಡಿಲ್ಲ, ಹೆಸರಲ್ಲೇ ಟೂಲ್ ಇದ್ರೂ. ಇವೆರಡನ್ನ ಸೇರಿಸಿದ್ರೆ ಸಾಕು. ಒಂದು ಇನ್ಸರ್ಟ್, ನಾಲ್ಕು ಮೂಲೆ. ಇಎನ್8 ರಾಡ್ ಮೇಲೆ 200, 250, 300 ಮೀಟರ್ ವೇಗದಲ್ಲಿ ಒಂದೊಂದು ಮೂಲೆ ಓಡಿಸೋದು. ಪ್ರತಿ ಎರಡು ನಿಮಿಷಕ್ಕೆ ನಿಲ್ಲಿಸಿ ಫ್ಲ್ಯಾಂಕ್ ವೇರ್ ಅಳೆಯೋದು. ಸರಾಸರಿ 0.3 ಮಿಮೀ ಮುಟ್ಟಿದಾಗ ಆ ಮೂಲೆಯ ಕಥೆ ಮುಗೀತು, ಐಎಸ್‌ಒ ಅಳತೆಗೋಲೂ ಅದೇ. ಮೂರು ಬಿಂದು ಲಾಗ್ ಗ್ರಾಫ್‌ನಲ್ಲಿ ಇಟ್ರೆ ನಮ್ಮದೇ ಎನ್ ಸಿಗುತ್ತೆ. ನಾಲ್ಕನೇ ಮೂಲೆ, ಅನುಮಾನ ಬಂದ ಅಳತೆಯನ್ನ ಮತ್ತೆ ನೋಡೋಕೆ.

ಖರ್ಚು? 0.25 ಫೀಡ್, 1 ಮಿಮೀ ಆಳ ಇಟ್ಟು, 250 ಮೀಟರ್‌ನಲ್ಲಿ ಮೂಲೆ 15 ನಿಮಿಷ ಬಾಳುತ್ತೆ ಅಂತ ಹಿಡಿದು ಲೆಕ್ಕ ಮಾಡಿದೆ. ಮೂರೂ ವೇಗ ಸೇರಿ ಹೆಚ್ಚೂ ಕಡಿಮೆ 26 ಕೆಜಿ ಸ್ಟೀಲ್ ಚಿಪ್ಸ್ ಆಗುತ್ತೆ. ಇದು ಇಡೀ ಬ್ಯಾಚಿಗೆ ಒಟ್ಟು, ಒಬ್ಬೊಬ್ಬರಿಗೆ ಅಲ್ಲ. ಚಿಪ್ಸ್ ಗುಜರಿಗೆ ಹಾಕಿದ್ರೆ ಸ್ವಲ್ಪ ವಾಪಸ್ಸೂ ಬರುತ್ತೆ. ನಮ್ಮ ಫೆಸ್ಟ್‌ನ ಫ್ಲೆಕ್ಸ್‌ಗಳ ಬಿಲ್ ನೋಡಿದವರಿಗೆ ಇದು ದೊಡ್ಡ ಮೊತ್ತ ಅನ್ನಿಸಲ್ಲ. ನಮ್ಮ ಸಿಎನ್‌ಸಿ ಇಷ್ಟು ತಡೆಯಲ್ಲ ಅಂದ್ರೆ ಜಿಟಿಟಿಸಿಯಂಥ ಕಡೆ ಒಂದು ದಿನ ಕೇಳಬಹುದು.

ಇದಕ್ಕೆ ಬರೋ ಉತ್ತರವೂ ಗೊತ್ತು. "ಎಚ್‌ಎಸ್‌ಎಸ್ ಬಿಟ್ ಸಾಣೆ ಹಿಡಿಯೋಕೆ ಬರದವರಿಗೆ ಇನ್ಸರ್ಟ್ ಯಾಕೆ?" ಈ ಮಾತನ್ನ ನಾನು ಒಪ್ತೀನಿ. ಕೈಯಲ್ಲಿ ಸಾಣೆ ಹಿಡಿದಾಗಲೇ ರೇಕ್, ಕ್ಲಿಯರೆನ್ಸ್ ಅನ್ನೋದು ಅರ್ಥ ಆಗೋದು. ಅದನ್ನ ತೆಗೆಯಬೇಡಿ. ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ ಅಷ್ಟೇ. "ಬೇಕಾದ್ದು ಕಂಪನಿಗೆ ಹೋದ ಮೇಲೆ ಕಲೀತೀರ" ಅನ್ನೋ ಇನ್ನೊಂದು ಉತ್ತರವನ್ನ ಮಾತ್ರ ಒಪ್ಪಲ್ಲ. ಕಂಪನಿಯಲ್ಲಿ ಟೂಲ್ ಯಾವಾಗ ಬದಲಾಯಿಸಬೇಕು ಅಂತ ಒಂದು ಸಂಖ್ಯೆ ಕೊಡ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳೋ ಧೈರ್ಯ ಇಲ್ಲಿ ಬರಬೇಕು. ಜೊತೆಗೆ ಟಂಗ್‌ಸ್ಟನ್ ಬಹುಪಾಲು ಬರೋದು ಚೀನಾದಿಂದ, ಕೋಬಾಲ್ಟ್ ಬಹುಪಾಲು ಕಾಂಗೋದ ಗಣಿಗಳಿಂದ. ಇನ್ನೂ ಹತ್ತು ನಿಮಿಷ ಬಾಳೋ ಮೂಲೆಯನ್ನ ಗೊತ್ತಿಲ್ಲದೇ ಎಸೆದ್ರೆ ಹೋಗೋದು ನೂರು ರೂಪಾಯಿ ಮಾತ್ರ ಅಲ್ಲ.

ಕೊನೆಗೆ ಜೂನಿಯರ್‌ಗಳಿಗೆ ಒಂದು ಮಾತು. ನಮ್ಮ ರಿಪೋರ್ಟ್‌ನ ಪಿಡಿಎಫ್ ನಿಮ್ಮ ಹತ್ತಿರ ಇದ್ರೆ ಕೊನೇ ಪುಟ ತೆಗೆಯಿರಿ. "ಪ್ರಯೋಜನ ಕಾಣಲಿಲ್ಲ" ಅನ್ನೋ ಸಾಲಿಗೆ ಗೀಟು ಎಳೆದು, ಅದರ ಪಕ್ಕ 23.6 ಮೀಟರ್ ಅಂತ ಬರೀರಿ. ನಮ್ಮ ಕಾಪಿಯಲ್ಲಿ ನಾನು ಬರೆದಾಗಿದೆ. ಸರ್‌ಗೂ ತೋರಿಸಿದೆ. ಮಾರ್ಕ್ಸ್ ಕಡಿಮೆ ಮಾಡಲಿಲ್ಲ, "ಮುಂದಿನ ಬ್ಯಾಚಿಗೆ ಸಿಎನ್‌ಸಿ ಬಾಗಿಲು ತೆಗೆಯೋಕೆ ಒಂದು ಲೆಟರ್ ಬರೆದು ತಾ, ಎಚ್‌ಒಡಿ ಹತ್ರ ಇಬ್ಬರೂ ಹೋಗೋಣ" ಅಂದರು. ಲೆಟರ್ ಬರೆದಿಟ್ಟಿದೀನಿ. ಸಹಿ ಹಾಕೋರು ಮೆಷೀನ್ ಶಾಪ್ ಹತ್ರ ಬನ್ನಿ.